ನರ್ಸರಿಯಲ್ಲಿ ‘ಡೈಸಿ’ ಅಂತ ಕೊಡೋ ಗಿಡಗಳಲ್ಲಿ ನಮ್ಮ ಹವೆಗೆ ಒಗ್ಗೋದು ಯಾವುದು?

ತಾರಸಿ ತೋಟ (ಬೆಂಗಳೂರು):
ಎಲ್ಲರಿಗೂ ನಮಸ್ಕಾರ. ನಮ್ಮದು ಬಾಡಿಗೆ ಮನೆ, ಮೂರನೇ ಮಹಡಿ. ತಾರಸಿಯಲ್ಲಿ ಕುಂಡ ಇಟ್ಟುಕೊಳ್ಳೋಕೆ ಓನರ್ ಒಪ್ಪಿದ್ದಾರೆ. ಬೆಳಗಿನಿಂದ ಮಧ್ಯಾಹ್ನ ಒಂದು ಗಂಟೆವರೆಗೂ ಬಿಸಿಲು ಬೀಳುತ್ತೆ, ಆಮೇಲೆ ನೀರಿನ ಟ್ಯಾಂಕಿನ ನೆರಳು. ಬಿಳಿ ಎಸಳು, ಹಳದಿ ನಡು ಇರೋ ಡೈಸಿ ಹೂವು ಅಂದ್ರೆ ನನಗೆ ಪ್ರಾಣ. ಆದರೆ ‘ಡೈಸಿ ಕೊಡಿ’ ಅಂದ್ರೆ ಒಂದು ನರ್ಸರಿಯಲ್ಲಿ ಜರ್ಬೆರಾ ಕೊಟ್ಟರು, ಇನ್ನೊಂದರಲ್ಲಿ ಆಸ್ಟರ್, ಮತ್ತೊಂದರಲ್ಲಿ ನೆಲದ ಮೇಲೆ ಹರಡೋ ಹಳದಿ ಹೂವಿನ ಬಳ್ಳಿ. ಮೂರಕ್ಕೂ ಡೈಸಿ ಅಂತಲೇ ಹೆಸರು! ಜರ್ಬೆರಾ ಸ್ವಲ್ಪ ದಿನ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ನಡುವಿನ ಎಳೆ ಎಲೆ ಕಪ್ಪಾಗಿ, ಹಿಡಿದು ಎತ್ತಿದರೆ ಬೇರು ಬಿಟ್ಟು ಕೈಗೇ ಬಂತು. ಇವೆಲ್ಲ ಒಂದೇ ಜಾತಿನಾ? ಬೆಂಗಳೂರಿನ ಕುಂಡದಲ್ಲಿ ವರ್ಷಾನುಗಟ್ಟಲೆ ಬದುಕೋದು ಯಾವುದು? ತಿಳಿದವರು ದಯವಿಟ್ಟು ಹೇಳಿ.

ಮೈಸೂರು ಮೇಷ್ಟ್ರು:
ಒಂದೇ ಜಾತಿಯಲ್ಲಮ್ಮ, ಒಂದೇ ಕುಟುಂಬ. ಆಸ್ಟರೇಸಿ ಅಂತ ಅದರ ಹೆಸರು, ಮೂವತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಸೇವಂತಿಗೆ, ಸೂರ್ಯಕಾಂತಿ, ಚೆಂಡು ಹೂವು, ಹುಚ್ಚೆಳ್ಳು, ಕುಸುಬೆ, ಮಲೆನಾಡಿನವರು ಡೇರೆ ಅನ್ನೋ ಡಾಲಿಯಾ, ಕೊನೆಗೆ ಹೊಲ ಹಾಳುಮಾಡೋ ಕಾಂಗ್ರೆಸ್ ಗಿಡ ಎಲ್ಲವೂ ಅದೇ ಮನೆಯವು.

ಇವುಗಳಲ್ಲಿ ನಾವು ಒಂದು ಹೂವು ಅಂದುಕೊಳ್ಳೋದು ನಿಜಕ್ಕೂ ಒಂದು ಹೂವಲ್ಲ. ಒಂದು ಸೂರ್ಯಕಾಂತಿ ತಗೊಂಡು ಭೂತಗನ್ನಡಿಯಲ್ಲಿ ನೋಡಿ. ನಡುವಿನ ತಟ್ಟೆಯಲ್ಲಿ ನೂರಾರು ಪುಟ್ಟ ಹೂವು ಕಿಕ್ಕಿರಿದಿರುತ್ತವೆ, ಸುತ್ತ ಎಸಳಿನ ಹಾಗೆ ಕಾಣೋದು ಒಂದೊಂದೂ ಬೇರೆ ಹೂವೇ. ನಡುವಿನವು ಅಂಚಿನಿಂದ ಒಳಗೆ, ಸುತ್ತು ಸುತ್ತಾಗಿ ಅರಳುತ್ತಾ ಹೋಗುತ್ತವೆ. ಈ ಕುಟುಂಬದ ಹೂವು ಗಿಡದಲ್ಲಿ ಅಷ್ಟು ದಿನ ನಿಲ್ಲೋದಕ್ಕೆ ಅದೂ ಒಂದು ಕಾರಣ.

ನೋಟ ಒಂದೇ ಆದರೂ ಹುಟ್ಟಿದ ಸೀಮೆ ಬೇರೆ ಬೇರೆ. ಜರ್ಬೆರಾ ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಕಡೆಯದು. ನಮ್ಮ ಹೊಲಗಳಲ್ಲಿ ಬೆಳೆಯೋ ಆಸ್ಟರ್ ಚೀನಾದ್ದು. ಗೈಲಾರ್ಡಿಯಾ ಉತ್ತರ ಅಮೆರಿಕದ್ದು. ಇಂಗ್ಲೆಂಡಿನ ಹುಲ್ಲುಹಾಸಿನ ಪುಟ್ಟ ಡೈಸಿ, ಬೆಲ್ಲಿಸ್ ಪೆರೆನ್ನಿಸ್, ಯುರೋಪಿನ ಚಳಿಯಲ್ಲಿ ಬೆಳೆದದ್ದು. ಹಾಗಾಗಿ ನರ್ಸರಿಯಲ್ಲಿ ‘ಇದು ಡೈಸಿನಾ’ ಅಂತ ಕೇಳಬೇಡಿ. ‘ಇದರ ಪೂರ್ತಿ ಹೆಸರೇನು, ಬೇಸಿಗೆ ತಡೆಯುತ್ತಾ’ ಅಂತ ಕೇಳಿ. ಅವರು ಹೆಸರು ಹೇಳದಿದ್ದರೆ ಎಲೆಯ ಫೋಟೋ ತೆಗೆದು ಇಲ್ಲಿ ಹಾಕಿ. ಹೂವು ನೋಡಿ ಗುರುತಿಸೋದು ಕಷ್ಟ, ಎಲೆ ನೋಡಿದರೆ ಸುಲಭ.

ಹೂವಿನ ಹೊಲ (ಚಿಕ್ಕಬಳ್ಳಾಪುರ):
ಅಕ್ಕಾ, ನಿಮ್ಮ ಜರ್ಬೆರಾಗೆ ಬಂದಿದ್ದು ಬುಡ ಕೊಳೆ ರೋಗ. ನಾವು ಪಾಲಿಹೌಸಲ್ಲಿ, ಅಂದ್ರೆ ಪ್ಲಾಸ್ಟಿಕ್ ಹೊದಿಸಿದ ಮನೆಯಲ್ಲಿ, ಜರ್ಬೆರಾ ಹಾಕ್ತೀವಿ. ನಾಟಿ ದಿನ ಕೂಲಿಯವರ ಹಿಂದೆ ನಿಂತು ನೋಡೋದು ಒಂದೇ ವಿಷಯ: ಎಲೆಗಳೆಲ್ಲ ಹುಟ್ಟೋ ಆ ನಡುಗಂಟು ಮಣ್ಣಿಗಿಂತ ಮೇಲೆ ಇರಬೇಕು. ಒಂದು ಸೆಂಟಿಮೀಟರ್, ಎರಡು ಸೆಂಟಿಮೀಟರ್ ಮೇಲೆ ನಿಂತರೂ ಪರವಾಗಿಲ್ಲ, ಒಳಗೆ ಹೂತರೆ ಗಿಡ ಉಳಿಯಲ್ಲ. ಅಲ್ಲಿ ನೀರು ನಿಂತರೆ ಫೈಟಾಫ್ತೊರಾ ಅನ್ನೋ, ಶಿಲೀಂಧ್ರದಂಥ ರೋಗಾಣು ಹಿಡಿಯುತ್ತೆ. ಎಲೆ ಬಾಡಿದಾಗ ಜನ ನೀರು ಕಮ್ಮಿ ಆಗಿದೆ ಅಂತ ಇನ್ನೂ ಹುಯ್ತಾರೆ, ಅಲ್ಲಿಗೆ ಮುಗೀತು.

ಕುಂಡಕ್ಕೆ ನನ್ನ ಲೆಕ್ಕ: ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು. ಕುಂಡದ ತೂತು ಮುಚ್ಚಿಹೋಗದ ಹಾಗೆ ಹೆಂಚಿನ ಚೂರು ಇಡಿ. ನೀರು ಬೆಳಗ್ಗೆ ಹಾಕಿ, ಕುಂಡದ ಅಂಚಿಗೆ ಹಾಕಿ, ಗಿಡದ ತಲೆ ಮೇಲೆ ಬೇಡ. ಮೇಲಿನ ಮಣ್ಣು ಒಣಗಿದ ಮೇಲೆ ಮತ್ತೆ ಹಾಕಿ. ಮಳೆಗಾಲದಲ್ಲಿ ಕುಂಡ ಸಜ್ಜಾ ಕೆಳಗೆ ಎತ್ತಿಡಿ. ನಿಮ್ಮದು ಮಧ್ಯಾಹ್ನದ ಮೇಲೆ ನೆರಳು ಅಂತೀರಲ್ಲ, ಜರ್ಬೆರಾಗೆ ಅದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಇನ್ನೊಂದು ಸಲ ತನ್ನಿ, ಧೈರ್ಯವಾಗಿ ತನ್ನಿ.

ಹೂವು ಕೀಳೋವಾಗ ಕತ್ತರಿ ಬೇಡ. ಕಾಂಡದ ಬುಡ ಹಿಡಿದು ಪಕ್ಕಕ್ಕೆ ಬಾಗಿಸಿ ಎಳೆದರೆ ಪೂರ್ತಿ ಬರುತ್ತೆ. ಕತ್ತರಿಸಿದರೆ ಉಳಿದ ಮೊಟಕು ಅಲ್ಲೇ ಕೊಳೆಯುತ್ತೆ, ಆ ಕೊಳೆ ನಡುಗಂಟಿಗೆ ಇಳಿಯುತ್ತೆ. ಹಳೇ ಎಲೆ ಹಳದಿಯಾದರೂ ಹಾಗೇ ಎಳೆದು ತೆಗೀರಿ.

ತಾರಸಿ ತೋಟ (ಬೆಂಗಳೂರು):
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್ ಅಣ್ಣಾ. ಇನ್ನೊಂದು ಪ್ರಶ್ನೆ. ಪಕ್ಕದ ಮನೆಯವರ ಜರ್ಬೆರಾ ಎಲೆ ಹಳದಿ, ಆದರೆ ನರ ಮಾತ್ರ ಹಸಿರು. ಬುಡ ಗಟ್ಟಿಯಾಗೇ ಇದೆ. ಅದು ಯಾಕೆ? ಅವರದು ಬೋರ್‌ವೆಲ್ ನೀರು.

ಮೈಸೂರು ಮೇಷ್ಟ್ರು:
ಉತ್ತರ ನಿಮ್ಮ ಕೊನೇ ವಾಕ್ಯದಲ್ಲೇ ಇದೆ. ಅದು ಕಬ್ಬಿಣದ ಕೊರತೆ. ಎಳೆ ಎಲೆಯಲ್ಲಿ ಮೊದಲು ಕಾಣುತ್ತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ, ಗಡಸು ನೀರು ಹಾಕ್ತಾ ಹಾಕ್ತಾ ಮಣ್ಣು ಕ್ಷಾರೀಯ ಆಗುತ್ತೆ, ಆಗ ಬೇರಿಗೆ ಕಬ್ಬಿಣ ಹೀರೋಕೆ ಆಗಲ್ಲ. ಜರ್ಬೆರಾಗೆ ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರ ಒಳಗಿದ್ದರೆ ಸುಖ. ಮಳೆನೀರು ಹಿಡಿದಿಟ್ಟು ಹಾಕೋದು ಎಲ್ಲಕ್ಕಿಂತ ಒಳ್ಳೇದು. ಅದಾಗದಿದ್ದರೆ ಗೊಬ್ಬರದಂಗಡಿಯಲ್ಲಿ ಕೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರೋ ರೂಪದ್ದು) ಸಿಗುತ್ತೆ, ಪೊಟ್ಟಣದ ಮೇಲೆ ಬರೆದಷ್ಟೇ ಬೆರೆಸಿ ಎಲೆಗೆ ಸಿಂಪಡಿಸಲಿ. ತುಕ್ಕು ಮೊಳೆ ಹೂಳೋದರಿಂದ ಪ್ರಯೋಜನವಿಲ್ಲ. ಆ ಕಬ್ಬಿಣ ಕ್ಷಾರದ ಮಣ್ಣಲ್ಲಿ ಕರಗೋದೇ ಇಲ್ಲ.

ಕಾಫಿಸೀಮೆಯವಳು (ಮಡಿಕೇರಿ ಹತ್ತಿರ):
ಮೊದಲು ಕೇಳಿದವರಿಗೆ ಬೇಕಾಗಿರೋದು ಬಿಳಿ ಎಸಳು, ಹಳದಿ ನಡು. ಅಂದರೆ ಶಾಸ್ತಾ ಡೈಸಿ. ಅದರ ಬಗ್ಗೆ ಯಾರೂ ಮಾತಾಡಿಲ್ಲವಲ್ಲ! ನಮ್ಮ ಮನೆ ಮೆಟ್ಟಿಲ ಎರಡೂ ಪಕ್ಕ ಅದೇ ಇದೆ, ಅತ್ತೆ ನೆಟ್ಟಿದ್ದು. ಬುಡದಲ್ಲಿ ಮರಿ ಒಡೆದು ಪೊದೆಯಾಗುತ್ತೆ. ಮಳೆ ನಿಂತ ಮೇಲೆ ಅಗೆದು, ಹಿಡಿ ಹಿಡಿಯಾಗಿ ಬಿಡಿಸಿ, ಬೇರೆ ಕಡೆ ಊರಿಬಿಡ್ತೀವಿ. ಬಿಡಿಸದೆ ಬಿಟ್ಟರೆ ನಡುವೆ ಸತ್ತು ಸುತ್ತ ಮಾತ್ರ ಎಲೆ ಉಳಿಯುತ್ತೆ.

ಈ ಗಿಡ ಕಾಡಲ್ಲಿ ಹುಟ್ಟಿದ್ದಲ್ಲ, ಅಮೆರಿಕದ ಲೂಥರ್ ಬರ್ಬ್ಯಾಂಕ್ ಕ್ಯಾಲಿಫೋರ್ನಿಯಾದಲ್ಲಿ ತಳಿ ಮಾಡಿದ್ದು. 1884ರಲ್ಲಿ ಶುರುಮಾಡಿ 1901ರಲ್ಲಿ ಹೊರತಂದರು. ಯುರೋಪಿನ ಆಕ್ಸ್‌ಐ ಡೈಸಿ, ಪೋರ್ಚುಗಲ್ಲಿನ ಒಂದು ಬಗೆ, ಅದರ ಮೇಲೆ ಜಪಾನಿನ ಬಗೆಯನ್ನೂ ಸೇರಿಸಿ, ಕಡೆಗೆ ಹಿಮ ಹೊದ್ದ ಶಾಸ್ತಾ ಪರ್ವತದ ಹೆಸರಿಟ್ಟರು. ಅಷ್ಟು ವರ್ಷ ಒಂದು ಬಿಳಿ ಹೂವಿಗೋಸ್ಕರ ಆರಿಸ್ತಾ ಕೂತ ಮನುಷ್ಯನ ತಾಳ್ಮೆಗೆ ನಾನು ಕೈಮುಗೀತೀನಿ.

ಹೂವಿನ ಹೊಲ (ಚಿಕ್ಕಬಳ್ಳಾಪುರ):
ಅಕ್ಕಾ, ಬೇಜಾರು ಮಾಡ್ಕೋಬೇಡಿ, ಬಯಲುಸೀಮೆಯವರಿಗೆ ಶಾಸ್ತಾ ಹೇಳಬೇಡಿ. ನಿಮ್ಮ ಹವೆ ಬೇರೆ. ಇಲ್ಲಿ ಏಪ್ರಿಲ್‌ನಲ್ಲಿ ಒಣಗಿ ಕರಟಿಹೋಗುತ್ತೆ. ಆಸೆಯಿಂದ ತಂದವರು ‘ನನ್ನ ಕೈಗುಣ ಸರಿಯಿಲ್ಲ’ ಅಂತ ಗಿಡ ಬೆಳೆಸೋದನ್ನೇ ಬಿಟ್ಟುಬಿಡ್ತಾರೆ.

ಕಾಫಿಸೀಮೆಯವಳು (ಮಡಿಕೇರಿ ಹತ್ತಿರ):
ಒಪ್ಪಲ್ಲ. ಬೆಂಗಳೂರಲ್ಲಿರೋ ನನ್ನ ತಂಗಿ ಮನೆಯಲ್ಲಿ ಇದೇ ಗಿಡದ ಮರಿ ಚಳಿಗಾಲ ಪೂರ್ತಿ ಹೂ ಬಿಟ್ಟಿದೆ. ಚಂದ ಅನ್ನಿಸಿದ್ದನ್ನ ಬೆಳೆಸೋಕೆ ಬಿಡಿ ಅಣ್ಣಾ. ವರ್ಷಪೂರ್ತಿ ಇರಬೇಕು ಅಂತ ಏನು ಕಟ್ಟಳೆ?

ಮೈಸೂರು ಮೇಷ್ಟ್ರು:
ಇಬ್ಬರ ಮಾತೂ ನಿಜ. ಊಟಿ ಸುಮಾರು 2,240 ಮೀಟರ್ ಎತ್ತರ, ಮಡಿಕೇರಿ 1,150ರ ಹತ್ತಿರ, ಬೆಂಗಳೂರು 920ರ ಆಸುಪಾಸು. ಮೇಲಿಂದ ಇಳೀತಾ ಬಂದ ಹಾಗೆ ಶಾಸ್ತಾದ ಆಯಸ್ಸು ಕಮ್ಮಿಯಾಗುತ್ತೆ. ಬೆಂಗಳೂರು, ಮೈಸೂರಲ್ಲಿ ಅದನ್ನ ಚಳಿಗಾಲದ ಹೂವು ಅಂತಲೇ ತಿಳಿದು ಬೆಳೆಸಿ: ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬೀಜ ಅಥವಾ ಸಸಿ, ಶಿವರಾತ್ರಿವರೆಗೂ ಹೂವು, ಬೇಸಿಗೆ ದಾಟಿದರೆ ನಿಮ್ಮ ಅದೃಷ್ಟ. ಮಧ್ಯಾಹ್ನದ ನೆರಳಿರೋ ಈ ತಾರಸಿಯಲ್ಲಿ ದಾಟಲೂಬಹುದು. ಬೆಲ್ಲಿಸ್, ಡೈಮಾರ್ಫೊಥೀಕಾ, ಕ್ಯಾಲೆಂಡುಲಾ ಅನ್ನೋ ಇದೇ ಕುಟುಂಬದ ಹೂವುಗಳೂ ಅದೇ ಲೆಕ್ಕ. ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಇಂಥ ಚಳಿಗಾಲದ ಹೂವು ನೋಡಿ ಮನಸೋತು, ಮಾರ್ಚಲ್ಲಿ ಹೋಗಿ ಗಿಡ ಕೊಳ್ಳಬೇಡಿ ಅಂತಷ್ಟೇ ನನ್ನ ಮಾತು.

ಗುರೆಳ್ಳು (ಧಾರವಾಡ):
ಎಲ್ಲಾರಿಗೂ ನಮಸ್ಕಾರ್ರಿ. ಬರೇ ಚಳಿ, ನೆರಳು ಅಂತ ಮಾತಾಡಾಕತ್ತೀರಿ. ಬಿಸಲಾಗ ನಿಲ್ಲೂ ಹೂವಿನ ಬಗ್ಗೆನೂ ಒಂದೀಟು ಹೇಳ್ತೀನಿ. ಗೈಲಾರ್ಡಿಯಾಕ್ಕ ನಮ್ಮ ಕಡೆ ಗಲಾಟಿ ಹೂ ಅಂತಾರ್ರಿ. ಕೆಂಪು ಎಸಳಿಗೆ ಹಳದಿ ಅಂಚು. ದಸರಾ, ದೀಪಾವಳಿಗೆ ಹುಬ್ಬಳ್ಳಿ ಮಾರ್ಕೆಟ್ಟಿನ್ಯಾಗ ಬುಟ್ಟಿಗಟ್ಟಲೆ ಬರ್ತೈತಿ, ಮಾಲಿಗೆ ಹಾಕ್ತಾರ. ಅದೂ ಡೈಸಿನ ಅಲ್ಲೇನ್ರಿ ಮೇಷ್ಟ್ರ?

ಇದಕ್ಕ ಚಾಕರಿ ಕಡಿಮಿ. ಗೊಬ್ಬರ ಜಾಸ್ತಿ ಹಾಕಿದ್ರ ಬರೇ ಎಲಿ ಬರ್ತಾವ, ಹೂ ಬರೂದಿಲ್ಲ. ನೀರು ಜಾಸ್ತಿ ಆದ್ರ ಸಾಯ್ತೈತಿ. ನಮ್ಮದು ಎರಿ ಮಣ್ಣು, ನೀರ ಹಿಡದ ಕುಂದರ್ತೈತಿ, ಅದಕ್ಕ ಏರು ಮಡಿ ಮಾಡಿ ಹಚ್ಚತೀವಿ. ಒಣಗಿದ ಹೂ ತಗೀತಿದ್ರ ತಿಂಗಳಾನುಗಟ್ಟಲೆ ಹೂ ಬಿಡ್ತೈತಿ. ಕಡೀಕ ಒಂದಿಷ್ಟು ಹೂ ಗಿಡದಾಗ ಒಣಗಾಕ ಬಿಡ್ರಿ, ಬೀಜ ಉದುರಿ ಮುಂದಿನ ಮಳಿಗೆ ತಾನ ಹುಟ್ಟತೈತಿ. ತಾರಸಿ ಮ್ಯಾಲೆ ಬಿಸಲು ಹೊಡಿಯೂ ಮೂಲಿ ಇದ್ರ ಅಲ್ಲಿ ಇದನ್ನ ಇಡ್ರಿ ಅಕ್ಕಾರ.

ಬಾಲ್ಕನಿ ಹುಡುಗ (ವೈಟ್‌ಫೀಲ್ಡ್):
ನಾನೂ ಸೇರಿಕೊಳ್ತೀನಿ. ಗಜಾನಿಯಾ ತಂದಿದ್ದೇನೆ. ನರ್ಸರಿಯಲ್ಲಿ ಕಿತ್ತಳೆ ಬಣ್ಣ ಹೊಳೀತಾ ಇತ್ತು, ಎಸಳಿನ ಬುಡದಲ್ಲಿ ಕಪ್ಪು ಚುಕ್ಕೆ. ಮನೆಗೆ ತಂದ ಮೇಲೆ ಯಾವಾಗ ನೋಡಿದ್ರೂ ಮುದುಡಿಕೊಂಡೇ ಇರುತ್ತೆ. ಗಿಡಕ್ಕೆ ಏನಾದ್ರೂ ಕಾಯಿಲೆನಾ? ಬೆಳಗ್ಗೆ ಏಳೂವರೆಗೆ ಕ್ಯಾಬ್ ಹತ್ತಿದ್ರೆ ವಾಪಸ್ ಬರೋದು ರಾತ್ರಿ.

ಇನ್ನೊಂದು, ಜರ್ಬೆರಾ ಬೆಡ್‌ರೂಮಲ್ಲಿಟ್ಟರೆ ಗಾಳಿ ಶುದ್ಧ ಆಗುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು. ನಾಸಾದವರೇ ಹೇಳಿದ್ದಾರಂತೆ.

ಮೈಸೂರು ಮೇಷ್ಟ್ರು:
ಕಾಯಿಲೆ ಏನೂ ಇಲ್ಲ ಮಗು. ಗಜಾನಿಯಾ ದಕ್ಷಿಣ ಆಫ್ರಿಕಾದ ಹೂವು, ಬಿಸಿಲು ಬಿದ್ದಾಗ ಅರಳುತ್ತೆ, ಮೋಡ ಕವಿದರೆ, ಸಂಜೆಯಾದರೆ ಮುಚ್ಚುತ್ತೆ. ಡೈಮಾರ್ಫೊಥೀಕಾ, ಆಸ್ಟಿಯೋಸ್ಪರ್ಮಮ್ ಇವುಗಳಲ್ಲೂ ಬಹಳಷ್ಟಕ್ಕೆ ಅದೇ ಗುಣ. ನೀನು ಹೊರಡೋವಾಗ ಅದು ಎದ್ದಿರಲ್ಲ, ನೀನು ಬರೋ ಹೊತ್ತಿಗೆ ಮಲಗಿರುತ್ತೆ. ಅದನ್ನ ಹಗಲು ಮನೆಯಲ್ಲಿರೋ ಯಾರಿಗಾದರೂ ಕೊಟ್ಟು, ನೀನು ಜರ್ಬೆರಾ ಅಥವಾ ಸೇವಂತಿಗೆ ಇಟ್ಟುಕೋ. ಅವು ರಾತ್ರಿಯೂ ಮುಚ್ಚಲ್ಲ. ಕೆಲಸಕ್ಕೆ ಹೋಗೋರಿಗೆ ಗಿಡ ಆರಿಸಿಕೊಡೋವಾಗ ನಾನು ಮೊದಲು ಕೇಳೋದೇ ಮನೆಗೆ ಎಷ್ಟು ಹೊತ್ತಿಗೆ ಬರ್ತೀರಿ ಅಂತ.

ನಾಸಾ ವಿಷಯ: 1989ರ ಆ ಅಧ್ಯಯನ ನಡೆದದ್ದು ನಿಜ, ಅದರಲ್ಲಿ ಜರ್ಬೆರಾನೂ ಇತ್ತು, ಸೇವಂತಿಗೆನೂ ಇತ್ತು. ಆದರೆ ಅದು ಗಾಳಿಯಾಡದ ಹಾಗೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ಮಾಡಿದ್ದು. ಕಿಟಕಿ ತೆಗೆದು ಹಾಕೋ ಮನೆಯಲ್ಲಿ ಒಂದೆರಡು ಕುಂಡದಿಂದ ಗೊತ್ತಾಗುವಷ್ಟು ವ್ಯತ್ಯಾಸ ಆಗಲ್ಲ ಅಂತ ಆಮೇಲಿನ ವಿಶ್ಲೇಷಣೆಗಳು ತೋರಿಸಿವೆ. ಬಿಸಿಲಿಲ್ಲದ ಬೆಡ್‌ರೂಮಲ್ಲಿ ಜರ್ಬೆರಾ ಹೂವೇ ಬಿಡಲ್ಲ. ಪಾಪ, ಅದನ್ನ ಹೊರಗೆ ಇಡಿ.

ಕರಾವಳಿ ಮನೆ (ಉಡುಪಿ ಕಡೆ):
ನಮ್ಮಲ್ಲಿ ಜೂನ್ ಬಂದ್ರೆ ಇವು ಯಾವುದೂ ನಿಲ್ಲುದಿಲ್ಲ ಮಾರಾಯ್ರೆ. ಜರ್ಬೆರಾ ಮಾತ್ರ ಜಗಲಿಯ ಮಾಡಿನ ಕೆಳಗೆ ಉಂಟು, ಮಳೆ ತಾಗದ ಹಾಗೆ.

ಮೊದಲು ಕೇಳಿದವರಿಗೆ ಸಿಕ್ಕಿದ ಆ ಹಳದಿ ಹೂವಿನ ಬಳ್ಳಿ ವೆಡೆಲಿಯಾ ಅಲ್ವಾ? ಸಿಂಗಾಪುರ ಡೈಸಿ ಅಂತ ಕೂಡ ಹೇಳ್ತಾರೆ. ದಯವಿಟ್ಟು ಅದನ್ನು ನೆಲಕ್ಕೆ ಬಿಡಬೇಡಿ. ನಮ್ಮ ತೋಡಿನ ಬದಿ, ಗದ್ದೆಯ ಅಂಚು, ರಸ್ತೆಬದಿ ಎಲ್ಲ ಈಗ ಅದೇ. ಗಂಟು ಗಂಟಿನಲ್ಲಿ ಬೇರು ಬಿಡ್ತದೆ, ಒಂದು ತುಂಡು ಬಿದ್ದರೂ ಸಾಕು. ಅದರ ಅಡಿಯಲ್ಲಿ ಒಂದೆಲಗ ಇಲ್ಲ, ನೆಲನೆಲ್ಲಿ ಇಲ್ಲ, ಯಾವುದೂ ಇಲ್ಲ. ಅಮ್ಮ ತಂಬುಳಿಗೆ ಸೊಪ್ಪು ಕೊಯ್ಯುತ್ತಿದ್ದ ಜಾಗದಲ್ಲಿ ಈಗ ಬರೀ ಹಳದಿ ಹೂವು. ನನಗೆ ಅದನ್ನು ಕಂಡರೆ ಸಂಕಟ ಆಗ್ತದೆ.

ಮೈಸೂರು ಮೇಷ್ಟ್ರು:
ಬಹಳ ಮುಖ್ಯವಾದ ಮಾತು. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಗಿಡ ಅದು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಇದೆ. ಉದ್ಯಾನದ ಗುತ್ತಿಗೆದಾರರು ಬೇಗ ಹಸಿರಾಗುತ್ತೆ ಅಂತ ಹಾಕಿಬಿಡ್ತಾರೆ. ಕುಂಡದಲ್ಲಿದ್ದರೂ ಕತ್ತರಿಸಿದ ತುಂಡುಗಳನ್ನ ಖಾಲಿ ಸೈಟಿಗೆ, ರಾಜಕಾಲುವೆಗೆ ಎಸೆಯಬೇಡಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ ಆಮೇಲೆ ವಿಲೇವಾರಿ ಮಾಡಿ. ನೆಲದಲ್ಲಿ ಹಳದಿ ಹೂವೇ ಬೇಕು ಅನ್ನೋರು ಮೆಲಂಪೋಡಿಯಂ ಹಾಕಬಹುದು, ಗುಂಡಗೆ ಪೊದೆಯಾಗುತ್ತೆ, ಹೀಗೆ ಹಬ್ಬಲ್ಲ.

ಸಿಯಾಟಲ್ ಕನ್ನಡತಿ:
ವೆಡೆಲಿಯಾ ವಿಷಯ ಓದಿ ನಮ್ಮ ಊರಿನದು ಹೇಳಬೇಕು ಅನ್ನಿಸಿತು. ಇಲ್ಲಿ ಜೂನ್ ಬಂತೆಂದರೆ ಹೆದ್ದಾರಿಯ ಎರಡೂ ಬದಿ ಬಿಳಿ ಆಕ್ಸ್‌ಐ ಡೈಸಿ. ಊರಿಂದ ಬಂದ ಅಪ್ಪ ಅಮ್ಮ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಆದರೆ ಅದು ಯುರೋಪಿನಿಂದ ಬಂದ ಗಿಡ, ವಾಷಿಂಗ್ಟನ್ ರಾಜ್ಯದ ಹಾನಿಕಾರಕ ಕಳೆಗಳ ಪಟ್ಟಿಯಲ್ಲಿದೆ. ‘ಕಾಡುಹೂವಿನ ಮಿಶ್ರಣ’ ಅಂತ ಮಾರೋ ಬೀಜದ ಪೊಟ್ಟಣಗಳಲ್ಲಿ ಕೆಲವೊಮ್ಮೆ ಅದೇ ಸೇರಿರುತ್ತೆ. ಶಾಸ್ತಾಗೆ ಇದು ಹತ್ತಿರದ ನೆಂಟ, ನೋಡಲೂ ಹಾಗೇ, ಹೂವು ಸ್ವಲ್ಪ ಸಣ್ಣದು ಅಷ್ಟೆ. ಊರಿಗೆ ಬರೋವಾಗ ಯಾರಾದರೂ ಇಂಥ ಪೊಟ್ಟಣ ತಂದುಕೊಡಿ ಅಂದರೆ ತರಬೇಡಿ. ನಮ್ಮ ಊಟಿ, ಕೊಡಗಿನ ಹವೆ ಅದಕ್ಕೆ ಒಗ್ಗಿಬಿಟ್ಟರೆ ಆಮೇಲೆ ಕೀಳೋರು ಯಾರು?

ಕಾಫಿಸೀಮೆಯವಳು (ಮಡಿಕೇರಿ ಹತ್ತಿರ):
ಸತ್ಯ. ಆ ಕೆಲಸ ಲಂಟಾನಾ ಆಗಲೇ ಮಾಡಿ ಆಗಿದೆ. ನಮ್ಮ ಕೆಲಸದವರು ಗಾಯಕ್ಕೆ ಹಿಂಡೋ ಗಬ್ಬು ಶಾವಂತಿ ಇದೆಯಲ್ಲ, ಹೊಲದ ಬದುವಲ್ಲಿ ಉದ್ದ ಕಾಂಡದ ತುದಿಗೆ ಪುಟ್ಟ ಹೂವು, ಅದೂ ಅಮೆರಿಕ ಖಂಡದಿಂದ ಬಂದದ್ದು ಅಂತ ಮಗಳ ಪುಸ್ತಕದಲ್ಲಿ ಓದಿ ಆಶ್ಚರ್ಯವಾಯ್ತು. ನಾವು ಅದನ್ನ ನಮ್ಮದೇ ಅಂದುಕೊಂಡಿದ್ವಿ. ಹೂವನ್ನ ಹತ್ತಿರದಿಂದ ನೋಡಿ, ಅಪ್ಪಟ ಡೈಸಿ.

ಮೈಸೂರು ಮೇಷ್ಟ್ರು:
ಹೌದು, ಗಬ್ಬು ಶಾವಂತಿಗೆ ಸಸ್ಯಶಾಸ್ತ್ರದಲ್ಲಿ ಟ್ರೈಡಾಕ್ಸ್ ಅಂತ ಹೆಸರು. ಒಂದು ಎಚ್ಚರಿಕೆ ಹೇಳಿಬಿಡ್ತೀನಿ, ಇದನ್ನ ಯಾರೂ ಹೇಳಿಲ್ಲ. ಕಾಂಗ್ರೆಸ್ ಗಿಡ ತಾಗಿದರೆ ಮೈ ತುರಿಕೆ, ಕಜ್ಜಿ ಆಗೋ ಜನ ನಮ್ಮಲ್ಲಿ ಬಹಳ ಇದ್ದಾರೆ. ಅಂಥವರಿಗೆ ಸೇವಂತಿಗೆಯಂಥ ಇದೇ ಕುಟುಂಬದ ಬೇರೆ ಗಿಡಗಳ ಎಲೆ, ರಸ ತಾಗಿದರೂ ಅದೇ ತೊಂದರೆ ಬರಬಹುದು. ಎರಡರಲ್ಲೂ ಒಂದೇ ಬಗೆಯ ರಾಸಾಯನಿಕ ಇರೋದು ಕಾರಣ. ಮನೆಯಲ್ಲಿ ಯಾರಿಗಾದರೂ ಆ ಅಲರ್ಜಿ ಇದ್ದರೆ ಕುಡಿ ಚಿವುಟೋವಾಗ ಗ್ಲೌಸ್ ಹಾಕಿಕೊಳ್ಳಲಿ, ತುರಿಕೆ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಲಿ.

ತಾರಸಿ ತೋಟ (ಬೆಂಗಳೂರು):
ವೆಡೆಲಿಯಾ ಇವತ್ತೇ ಕಿತ್ತು ತಾರಸಿಯಲ್ಲಿ ಒಣಗೋಕೆ ಹಾಕಿದೆ. ಬಿಸಿಲಿನ ಮೂಲೆಗೆ ಗಲಾಟಿ ಹೂವು, ಟ್ಯಾಂಕಿನ ಪಕ್ಕ ಜರ್ಬೆರಾ, ಅಕ್ಟೋಬರ್‌ಗೆ ಒಂದು ಶಾಸ್ತಾ. ಕಾಫಿಸೀಮೆ ಅಕ್ಕನ ಮಾತು ಕೇಳಿದ ಮೇಲೆ ಅದನ್ನ ಬಿಡೋಕೆ ಮನಸ್ಸಿಲ್ಲ. ಸೇವಂತಿಗೆ, ಆಸ್ಟರ್ ಬಗ್ಗೆ ಹೊಲದ ಅಣ್ಣ ಒಂದೆರಡು ಮಾತು ಹೇಳ್ತೀರಾ? ಹಿಂದೆ ಅಮ್ಮನ ಮನೆಯಲ್ಲಿ ಸೇವಂತಿಗೆ ಎತ್ತರಕ್ಕೆ ಬೆಳೆದು, ತುದಿಯಲ್ಲಿ ನಾಲ್ಕೇ ಹೂವು ಬಿಡ್ತಿತ್ತು. ಒಂದು ಕುಂಡ ಮಾತ್ರ ಎಷ್ಟೋ ತಡವಾಗಿ ಹೂ ಬಿಡ್ತಿತ್ತು.

ಹೂವಿನ ಹೊಲ (ಚಿಕ್ಕಬಳ್ಳಾಪುರ):
ಆ ತಡವಾಗಿ ಬಿಡ್ತಿದ್ದ ಕುಂಡ ಬೀದಿದೀಪದ ಹತ್ತಿರ ಇತ್ತಾ ನೋಡಿ ಅಕ್ಕಾ. ಸೇವಂತಿಗೆ ರಾತ್ರಿ ಉದ್ದ ಆದಾಗ ಮೊಗ್ಗು ಕಟ್ಟೋ ಗಿಡ. ರಾತ್ರಿ ಬೆಳಕು ಬಿದ್ದರೆ ಇನ್ನೂ ಹಗಲು ಅಂತ ಎಲೆ ಹಾಕ್ತಾನೇ ಇರುತ್ತೆ. ನಮ್ಮ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲದಲ್ಲಿ ಸಾಲಾಗಿ ಬಲ್ಬು ಉರಿಯೋದು ನೋಡಿರ್ತೀರಿ. ಗಿಡ ಮೈತುಂಬಿಕೊಳ್ಳೋವರೆಗೂ ಹೂವು ಬರಬಾರದು, ಎಲ್ಲರದೂ ಒಟ್ಟಿಗೆ ಬಂದು ರೇಟು ಬೀಳಬಾರದು ಅಂತ ಬೆಳಕು ಕೊಟ್ಟು ತಡೆಯೋದು. ಮನೆಯಲ್ಲಿ ಅದರ ಅಗತ್ಯ ಇಲ್ಲ, ರಾತ್ರಿ ಹೊತ್ತು ಕತ್ತಲೆ ಇರೋ ಜಾಗದಲ್ಲಿಡಿ.

ಎತ್ತರಕ್ಕೆ ಹೋಗಿ ಕಮ್ಮಿ ಹೂವು ಬಂದಿದ್ದು ಕುಡಿ ಚಿವುಟದೇ ಇದ್ದಿದ್ದಕ್ಕೆ. ಸಸಿ ನೆಟ್ಟು ನಾಲ್ಕು ವಾರಕ್ಕೆ ತುದಿ ಚಿವುಟಿ, ಪಕ್ಕದ ಕವಲು ಬೆಳೆದ ಮೇಲೆ ಅದರ ತುದಿನೂ ಒಂದು ಸಲ ಚಿವುಟಿ. ಆಗಸ್ಟ್ ಮುಗಿದ ಮೇಲೆ ಮುಟ್ಟಬೇಡಿ, ಮೊಗ್ಗೇ ಹೋಗುತ್ತೆ. ಹೂವು ಮುಗಿದ ಮೇಲೆ ಗಿಡ ಎಸೆಯೋರೇ ಜಾಸ್ತಿ. ಹಾಗೆ ಮಾಡಬೇಡಿ. ಬುಡಕ್ಕೆ ಕತ್ತರಿಸಿ, ಬುಡದಲ್ಲಿ ಬರೋ ಮರಿ ಕಿತ್ತು ಬೇರೆ ಕುಂಡಕ್ಕೆ ಹಾಕಿ.

ಆಸ್ಟರ್ ಒಂದೇ ಬೆಳೆಯ ಗಿಡ, ಬೀಜದಿಂದಲೇ ಬರಬೇಕು. ಬಿತ್ತಿದ ಮೂರೂವರೆ, ನಾಲ್ಕು ತಿಂಗಳಿಗೆ ಹೂವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಾಮಿನಿ, ಪೂರ್ಣಿಮಾ, ಶಶಾಂಕ್ ಅಂತ ತಳಿ ಮಾಡಿದ್ದಾರೆ. ಬಿಳಿ ಬೇಕು ಅಂದ್ರೆ ಪೂರ್ಣಿಮಾ ಕೇಳಿ. ಒಮ್ಮೆ ಆಸ್ಟರ್ ಬೆಳೆದ ಮಣ್ಣಿಗೆ ಮತ್ತೆ ಆಸ್ಟರ್ ಹಾಕಬೇಡಿ, ಸೊರಗು ರೋಗದ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತೆ. ಆ ಮಣ್ಣನ್ನ ಕರಿಬೇವಿಗೋ ದಾಸವಾಳಕ್ಕೋ ಹಾಕಿ, ಆಸ್ಟರ್‌ಗೆ ಹೊಸ ಮಣ್ಣು.

ಬಾಲ್ಕನಿ ಹುಡುಗ (ವೈಟ್‌ಫೀಲ್ಡ್):
ಗಜಾನಿಯಾನ ಕೆಳಗಿನ ಮನೆ ಅಜ್ಜಿಗೆ ಕೊಟ್ಟೆ. ಮಧ್ಯಾಹ್ನ ಅರಳಿದ್ದರ ಫೋಟೋ ಕಳಿಸಿದ್ದಾರೆ. ಧಾರವಾಡದ ಸರ್, ಗಲಾಟಿ ಹೂವಿನ ಬೀಜ ನನಗೂ, ತಾರಸಿ ತೋಟದವರಿಗೂ ಸಿಗುತ್ತಾ?

ಗುರೆಳ್ಳು (ಧಾರವಾಡ):
ಯಾಕ ಸಿಗೂದಿಲ್ರಿ, ಬೇಕಾದಷ್ಟ ಅದಾವ. ವಿಳಾಸ ಇಲ್ಲಿ ಬರೀಬ್ಯಾಡ್ರಿ, ಖಾಸಗಿ ಮೆಸೇಜ್ ಮಾಡ್ರಿ. ನೀವು ಮುಂದ ನಿಮ್ಮ ಗಿಡದಿಂದ ಬೀಜ ತಗಿಯೂವಾಗ ಎಸಳು ಉದುರಿದ ಕೂಡ್ಲೆ ಕೀಳಬ್ಯಾಡ್ರಿ. ನಡುವಿನ ಗುಂಡು ಬೂದಿ ಬಣ್ಣ ಆಗಿ, ಬೆರಳಾಗ ತಿಕ್ಕಿದ್ರ ತಾನ ಉದುರಬೇಕು, ಅಲ್ಲೀತನ ತಡೀರಿ. ಬಿತ್ತೂವಾಗ ಆಳ ಹುಗೀಬ್ಯಾಡ್ರಿ, ಮ್ಯಾಲೆ ಮಣ್ಣು ತೆಳ್ಳಗ ಉದುರಿಸಿ, ಕೈಲೆ ನೀರು ಚಿಮುಕಿಸಿದ್ರ ಸಾಕು.